ಕಾಟಾದಿಂದ ಕ್ಲಸ್ಟರ್‌ಗೆ: ನಾಲ್ಕು ಭಾಷೆ ಬರೆಯುವ ತಂಡ ಯಾವ ಕ್ಲೈಂಟ್ ಇಂಟರ್‌ಫೇಸ್ ಹಿಡಿಯಬೇಕು?

ಪ್ರಶ್ನೆ: ಗಂಗಾವತಿಯಲ್ಲಿ ರೈಸ್ ಮಿಲ್‌ಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ತಂಡ ನಮ್ಮದು. ಲಾರಿ ತೂಗುವ ಕಾಟಾದ ಪ್ರೋಗ್ರಾಂ ಸಿ ಶಾರ್ಪ್‌ನಲ್ಲಿದೆ, ಹಳೆಯ ವಿಂಡೋಸ್ ಪಿಸಿಗಳ ಮೇಲೆ ಓಡುತ್ತದೆ. ದಲಾಲಿ ಅಂಗಡಿಗಳ ಲೆಕ್ಕದ ವೆಬ್‌ಸೈಟ್ ಪಿಎಚ್‌ಪಿ, ವರದಿಗಳು ಪೈಥಾನ್, ಗೋದಾಮಿನ ಸ್ಟಾಕ್ ಜಾವಾ. ಈಗ ಗಂಗಾವತಿ, ಸಿಂಧನೂರು, ರಾಯಚೂರು ಮೂರೂ ಕಡೆ ಒಂದೊಂದು ಸರ್ವರ್ ಇಟ್ಟು, ಒಂದೇ ಡೇಟಾವನ್ನು ಹಲವು ಯಂತ್ರಗಳಲ್ಲಿ ಇಡುವ ಡಿಸ್ಟ್ರಿಬ್ಯೂಟೆಡ್ ಡೇಟಾಬೇಸ್ ಹಾಕುವ ಯೋಚನೆ. ಎಲ್ಲ ಭಾಷೆಗಳಿಂದಲೂ ಅದರೊಂದಿಗೆ ಮಾತಾಡಲು ಥ್ರಿಫ್ಟ್ ಬೇಕೆಂದು ಒಬ್ಬರು, ಜಿಆರ್‌ಪಿಸಿ ಎಂದು ಇನ್ನೊಬ್ಬರು, ಸುಮ್ಮನೆ ಜೆಸನ್ (ಡೇಟಾವನ್ನು ಸಾದಾ ಪಠ್ಯವಾಗಿ ಬರೆಯುವ ರೂಪ) ಸಾಕೆಂದು ಮತ್ತೊಬ್ಬರು. ಯಾವುದು ಹೆಚ್ಚು ವೇಗ? ಯಾವುದನ್ನು ಆರಿಸೋಣ?

ಉತ್ತರ: ಮೂವರೂ ವಾದ ಮಾಡುತ್ತಿರುವುದು ಡೇಟಾವನ್ನು ಬೈಟ್‌ಗಳಾಗಿ ಹೇಗೆ ಮಡಚಬೇಕು ಎಂಬುದರ ಬಗ್ಗೆ. ಒಂದು ಕಾಟಾ ಚೀಟಿಯಲ್ಲಿ ಇರುವುದೇನು? ಲಾರಿ ನಂಬರು, ತುಂಬಿದ ತೂಕ, ಖಾಲಿ ತೂಕ, ರೈತರ ಹೆಸರು, ಭತ್ತದ ತಳಿ, ಸಮಯ. ಎಲ್ಲ ಸೇರಿ ಕೆಲವು ನೂರು ಬೈಟ್. ಇದನ್ನು ಜಿಆರ್‌ಪಿಸಿ ಬಳಸುವ ಪ್ರೊಟೊಬಫ್ ರೂಪದಲ್ಲಿ ಮಡಚಿದರೂ ಜೆಸನ್‌ನಲ್ಲಿ ಬರೆದರೂ ಮೈಕ್ರೋಸೆಕೆಂಡುಗಳ ಮಾತು. ಅದೇ ಚೀಟಿ ಊರಿಂದೂರಿಗೆ ಹೋಗಿಬರಲು ಮಿಲಿಸೆಕೆಂಡುಗಳು ಬೇಕು, ಲೈನ್ ಕೆಟ್ಟ ದಿನ ಗಂಟೆಗಳೇ ಬೇಕಾಗಬಹುದು. ಲಾರಿ ಕಾಟಾ ಹತ್ತಿ ಇಳಿಯುವುದಕ್ಕೇ ನಿಮಿಷಗಳು ಹಿಡಿಯುತ್ತವೆ. ವೇಗದ ಪ್ರಶ್ನೆಯನ್ನು ಇಲ್ಲಿಗೇ ಬಿಡೋಣ.

ನನ್ನ ಶಿಫಾರಸನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಿಮ್ಮ ನಾಲ್ಕು ಭಾಷೆಗಳಲ್ಲಿ ಡ್ರೈವರ್‌ಗಳ (ಡೇಟಾಬೇಸ್ ಜೊತೆ ಮಾತಾಡಿಸುವ ಲೈಬ್ರರಿಗಳ) ಬಡತನ ಯಾವುದಕ್ಕೆ ಹೆಚ್ಚೋ ಅದನ್ನು ಮುಂದಿಟ್ಟುಕೊಂಡು ಪ್ರೊಟೊಕಾಲ್ ಆರಿಸಿ. ನಿಮ್ಮಲ್ಲಿ ಅದು ಪಿಎಚ್‌ಪಿ. ಹಾಗೆ ನೋಡಿದರೆ ಪೋಸ್ಟ್‌ಗ್ರೆಸ್ ಎಂಬ ಎಸ್‌ಕ್ಯೂಎಲ್ ಡೇಟಾಬೇಸಿನ ವೈರ್ ಪ್ರೊಟೊಕಾಲ್ (ಕ್ಲೈಂಟೂ ಸರ್ವರೂ ಲೈನಿನ ಮೇಲೆ ಮಾತಾಡುವ ರೀತಿ) ಮಾತಾಡುವ ಡಿಸ್ಟ್ರಿಬ್ಯೂಟೆಡ್ ಡೇಟಾಬೇಸ್ ನಿಮಗೆ ಸರಿ. ಕಾಟಾದ ಪಿಸಿ ಮಾತ್ರ ಡೇಟಾಬೇಸನ್ನು ನೇರವಾಗಿ ಮುಟ್ಟಬಾರದು. ಅದಕ್ಕೆ ಎಚ್‌ಟಿಟಿಪಿ ಮೇಲೆ ಜೆಸನ್ ತೆಗೆದುಕೊಳ್ಳುವ ಒಂದು ಪುಟ್ಟ ಸೇವೆ ಬರೆದುಕೊಡಿ. ಅಂದರೆ ನಿಮ್ಮಲ್ಲಿ ಗಡಿಗಳು ಎರಡು: ಡೇಟಾಬೇಸ್ ಮತ್ತು ನಿಮ್ಮ ಸರ್ವರ್ ಕೋಡಿನ ನಡುವೆ ಒಂದು, ಸರ್ವರ್ ಕೋಡ್ ಮತ್ತು ಮಿಲ್ಲಿನ ಅಂಗಳದ ನಡುವೆ ಇನ್ನೊಂದು. ತಂಡದ ಜಗಳಕ್ಕೆ ಅರ್ಧ ಕಾರಣ ಈ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಲು ಹೊರಟದ್ದು.

ಕೇಳದಿದ್ದರೂ ಒಂದು ಮಾತು. ಮೂರು ಊರು, ಕೆಲವು ಹತ್ತು ಮಿಲ್ಲುಗಳ ಲೆಕ್ಕಕ್ಕೆ ಒಂದೇ ಪೋಸ್ಟ್‌ಗ್ರೆಸ್ ಮತ್ತು ಅದರ ಒಂದು ರೆಪ್ಲಿಕಾ (ನಕಲು) ಸಾಕಾಗಬಹುದು. ಅಲ್ಲಿಂದ ಶುರುಮಾಡಿದರೂ ಕೆಳಗಿನ ಸಲಹೆಗಳು ಹೆಚ್ಚುಕಡಿಮೆ ಹಾಗೇ ನಿಲ್ಲುತ್ತವೆ. ಅದೇ ಪ್ರೊಟೊಕಾಲನ್ನು ಹಿಡಿಯಿರಿ ಎನ್ನುವುದಕ್ಕೆ ಅದೂ ಒಂದು ಕಾರಣ.

ಥ್ರಿಫ್ಟ್ ಬೇಕೆನ್ನುವ ಗೆಳೆಯರಿಗೆ ಕಸಾಂಡ್ರಾ ಎಂಬ ಡಿಸ್ಟ್ರಿಬ್ಯೂಟೆಡ್ ಡೇಟಾಬೇಸಿನ ಇತಿಹಾಸ ಹೇಳಬೇಕು. ಎಲ್ಲ ಭಾಷೆಗೂ ಒಂದೇ ಇಂಟರ್‌ಫೇಸ್ ಎಂಬ ಆಸೆಯ ಹಿಂದೆ ಹೋಗಿ ಇಷ್ಟು ಸಲ ದಾರಿ ಬದಲಿಸಿದ ಡೇಟಾಬೇಸ್ ಇನ್ನೊಂದನ್ನು ನಾನು ಕಂಡಿಲ್ಲ. ಕಸಾಂಡ್ರಾ ಫೇಸ್‌ಬುಕ್‌ನಲ್ಲಿ ಹುಟ್ಟಿ 2008ರಲ್ಲಿ ಮುಕ್ತ ಆಕರವಾಗಿ ಹೊರಬಂತು. ಥ್ರಿಫ್ಟ್ ಕೂಡ ಅದೇ ಮನೆಯದು, ಒಂದು ವರ್ಷ ಮೊದಲೇ ಹೊರಬಂದಿತ್ತು. ಒಂದು ಫೈಲಿನಲ್ಲಿ ಫಂಕ್ಷನ್‌ಗಳನ್ನೂ ಅವುಗಳ ಆರ್ಗ್ಯುಮೆಂಟ್‌ಗಳನ್ನೂ ಬರೆದಿಟ್ಟರೆ ಜಾವಾ, ಪೈಥಾನ್, ಪಿಎಚ್‌ಪಿ, ರೂಬಿ, ಸಿ ಶಾರ್ಪ್ ಎಲ್ಲಕ್ಕೂ ಕ್ಲೈಂಟ್ ಕೋಡ್ ತಾನಾಗಿ ಹುಟ್ಟುತ್ತದೆ. ಕಾಗದದ ಮೇಲೆ ಇದಕ್ಕಿಂತ ಚೆಂದ ಇನ್ನೇನು ಬೇಕು?

ಹುಟ್ಟಿದ ಕೋಡನ್ನು ನೇರವಾಗಿ ಬಳಸುವುದು ಮಾತ್ರ ಯಾರಿಗೂ ಹಿತವೆನಿಸಲಿಲ್ಲ. ಸ್ಟೋರೇಜಿನ ಒಳಗುಟ್ಟುಗಳೇ, ಅಂದರೆ ಕಾಲಂ, ಸೂಪರ್ ಕಾಲಂ, ಸ್ಲೈಸ್ ಎಲ್ಲವೂ ಇಂಟರ್‌ಫೇಸಿನಲ್ಲಿ ಬಂದು ಕೂತಿದ್ದವು. ಒಂದು ಕನೆಕ್ಷನ್ ಮೇಲೆ ಒಂದು ಸಲಕ್ಕೆ ಒಂದೇ ವಿನಂತಿ. ಉತ್ತರ ಎಷ್ಟೇ ದೊಡ್ಡದಿದ್ದರೂ ಪೂರ್ತಿಯಾಗಿ ಮೆಮೊರಿಯಲ್ಲಿ ಕಟ್ಟಿ ಕಳಿಸಬೇಕು. ಹೊಸ ನೋಡ್ (ಗುಂಪಿನ ಒಂದು ಸರ್ವರ್) ಸೇರಿತು, ಹಳೆಯದು ಬಿತ್ತು ಎಂದು ಸರ್ವರ್ ತಾನಾಗಿ ಕ್ಲೈಂಟ್‌ಗೆ ತಿಳಿಸಲು ದಾರಿಯೇ ಇರಲಿಲ್ಲ. ತೆರೆದ ಕನೆಕ್ಷನ್‌ಗಳನ್ನು ಉಳಿಸಿ ಮತ್ತೆ ಬಳಸುವ ಪೂಲ್, ಬಿದ್ದ ನೋಡನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು, ಮರುಯತ್ನ ಇವೆಲ್ಲ ಥ್ರಿಫ್ಟ್ ಕೊಡದ ವಸ್ತುಗಳು. ಹಾಗಾಗಿ ಪ್ರತಿ ಭಾಷೆಯವರೂ ಮೇಲೊಂದು ಪದರ ಕಟ್ಟಿಕೊಂಡರು: ಜಾವಾದವರು ಹೆಕ್ಟರ್, ಆಮೇಲೆ ನೆಟ್‌ಫ್ಲಿಕ್ಸ್‌ನವರ ಆಸ್ಟಿಯಾನಾಕ್ಸ್, ಪೈಥಾನ್‌ನವರು ಪೈಕಸಾ, ಪಿಎಚ್‌ಪಿಯವರು ಪಿಎಚ್‌ಪಿಕಸಾ. ಒಂದೊಂದರ ರೀತಿ ಒಂದೊಂದು. ಒಂದೇ ಇಂಟರ್‌ಫೇಸ್ ಎಂದು ಹೊರಟದ್ದು ಭಾಷೆಗೊಂದು ಇಂಟರ್‌ಫೇಸ್ ಆಗಿ ನಿಂತಿತು.

ಕಸಾಂಡ್ರಾದ 0.7 ಆವೃತ್ತಿಯಲ್ಲಿ ಥ್ರಿಫ್ಟ್ ಪಕ್ಕದಲ್ಲೇ ಆವ್ರೋ ಇಂಟರ್‌ಫೇಸನ್ನು ತಂದು ನೋಡಿದರು. ಮಡಚುವ ರೀತಿ ಬದಲಾಯಿತು, ತೊಂದರೆ ಉಳಿಯಿತು. ಅದನ್ನು ಬೇಗನೇ ಕೈಬಿಟ್ಟರು. 2011ರಲ್ಲಿ 0.8ರೊಂದಿಗೆ ಸಿಕ್ಯೂಎಲ್ ಎಂಬ ಎಸ್‌ಕ್ಯೂಎಲ್ ಮಾದರಿಯ ಭಾಷೆ ಬಂತು, 2013ರ ಆರಂಭದಲ್ಲಿ 1.2ರೊಂದಿಗೆ ಅದಕ್ಕೆಂದೇ ಮಾಡಿದ ಬೈನರಿ ಪ್ರೊಟೊಕಾಲ್ 9042 ಪೋರ್ಟ್ ಮೇಲೆ ಬಂತು. ಒಂದೇ ಕನೆಕ್ಷನ್ ಮೇಲೆ ಹಲವು ವಿನಂತಿಗಳು ಒಟ್ಟಿಗೆ ಓಡಬಹುದು: ಮೊದಲ ಆವೃತ್ತಿಗಳಲ್ಲಿ 128, ಮೂರನೆಯ ಆವೃತ್ತಿಯಿಂದ 32,768. ನೋಡ್ ಬಿದ್ದರೆ ಸರ್ವರೇ ಸುದ್ದಿ ಕಳಿಸುತ್ತದೆ. ಎರಡನೆಯ ಆವೃತ್ತಿಯಲ್ಲಿ ಪುಟಪುಟವಾಗಿ ಉತ್ತರ ಪಡೆಯುವ ಸೌಲಭ್ಯವೂ ಸೇರಿತು. ಥ್ರಿಫ್ಟನ್ನು 2021ರ 4.0ರಲ್ಲಿ ಪೂರ್ತಿ ಕಿತ್ತುಹಾಕಿದರು. ನಡುವಿನ ವರ್ಷಗಳಲ್ಲಿ ಥ್ರಿಫ್ಟ್ ಮೇಲೆ ಕಟ್ಟಿದ್ದವರೆಲ್ಲ ತಮ್ಮ ಕೋಡನ್ನು ಮತ್ತೆ ಬರೆಯಬೇಕಾಯಿತು.

ಜಿಆರ್‌ಪಿಸಿ ಇದಕ್ಕಿಂತ ಎಷ್ಟೋ ವಾಸಿ. ಗೂಗಲ್ ಪ್ರೊಟೊಬಫ್ಪನ್ನು 2008ರಲ್ಲಿ, ಜಿಆರ್‌ಪಿಸಿಯನ್ನು 2015ರಲ್ಲಿ ಹೊರಗೆ ಬಿಟ್ಟಿತು. ಎಚ್‌ಟಿಟಿಪಿ 2ರ ಮೇಲೆ ಓಡುತ್ತದೆ, ಸ್ಟ್ರೀಮಿಂಗ್ ಇದೆ, ಪ್ರತಿ ಕರೆಗೂ ಗಡುವು ಹಾಕಬಹುದು. ಇಟಿಸಿಡಿ ಎಂಬ ಡಿಸ್ಟ್ರಿಬ್ಯೂಟೆಡ್ ಡೇಟಾಬೇಸ್ ತನ್ನ ಎರಡನೆಯ ಆವೃತ್ತಿಯ ಜೆಸನ್ ಎಪಿಐ ಬಿಟ್ಟು ಮೂರನೆಯದರಲ್ಲಿ ಜಿಆರ್‌ಪಿಸಿಗೆ ಹೋಯಿತು. ಆದರೂ ಜಿಆರ್‌ಪಿಸಿ ಬಳಸಲಾಗದವರಿಗೆಂದು ಜೆಸನ್ ಗೇಟ್‌ವೇಯನ್ನು ಇಟ್ಟುಕೊಂಡಿತು ಎಂಬುದನ್ನು ಗಮನಿಸಿ. ಆ "ಬಳಸಲಾಗದವರ" ಪಟ್ಟಿಯಲ್ಲಿ ನೀವೂ ಇದ್ದೀರಿ. ಪಿಎಚ್‌ಪಿಯಲ್ಲಿ ಜಿಆರ್‌ಪಿಸಿ ಬೇಕೆಂದರೆ ಸಿ ಎಕ್ಸ್‌ಟೆನ್ಷನ್ ಹಾಕಬೇಕು. ಶೇರ್ಡ್ ಹೋಸ್ಟಿಂಗ್‌ನಲ್ಲಿ ಅದಕ್ಕೆ ಅವಕಾಶ ಸಿಗುವುದು ಕಷ್ಟ. ಸಿಕ್ಕರೂ ಪಿಎಚ್‌ಪಿ ಕ್ಲೈಂಟ್ ಆಗಬಲ್ಲದೇ ಹೊರತು ಸರ್ವರ್ ಆಗಲಾರದು. ಕಾಟಾ ಪಿಸಿಯಲ್ಲಿರುವ ಹಳೆಯ ವಿಂಡೋಸ್ ಮತ್ತು ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್ ಮೇಲೆ ಈಗಿನ ಜಿಆರ್‌ಪಿಸಿ ಲೈಬ್ರರಿ ಸರಿಯಾಗಿ ಕೂರುವುದಿಲ್ಲ. ಬ್ರೌಸರ್‌ನಿಂದ ನೇರವಾಗಿ ಕರೆಯಲೂ ಆಗುವುದಿಲ್ಲ, ನಡುವೆ ಒಂದು ಪ್ರಾಕ್ಸಿ ಬೇಕು. ನಿಮ್ಮ ಜಾವಾ ಮತ್ತು ಪೈಥಾನ್ ಸೇವೆಗಳು ತಮ್ಮತಮ್ಮಲ್ಲೇ ಮಾತಾಡಬೇಕಾದರೆ ಜಿಆರ್‌ಪಿಸಿ ಹಾಕಿಕೊಳ್ಳಿ, ನನ್ನ ತಕರಾರಿಲ್ಲ.

ಉಳಿದ ಎರಡು ಮಾದರಿಗಳನ್ನು ಬೇಗ ದಾಟೋಣ. ಎಚ್‌ಬೇಸ್‌ನಂಥ ಡೇಟಾಬೇಸ್‌ಗಳು ಜಾವಾ ಕ್ಲೈಂಟ್ ಒಂದನ್ನೇ ಮನೆಮಗನಂತೆ ಸಾಕುತ್ತವೆ. ಬೇರೆ ಭಾಷೆಯವರು ಥ್ರಿಫ್ಟ್ ಅಥವಾ ರೆಸ್ಟ್ ಗೇಟ್‌ವೇ ಮೂಲಕ ಸುತ್ತಿಕೊಂಡು ಬರಬೇಕು. ಫೌಂಡೇಶನ್‌ಡಿಬಿ ಒಂದು ಸಿ ಲೈಬ್ರರಿ ಕೊಟ್ಟು ಅದರ ಮೇಲೆ ಎಲ್ಲ ಭಾಷೆಗಳ ಹೊದಿಕೆ ಹಾಕುತ್ತದೆ. ತರ್ಕ ಒಂದೇ ಕಡೆ ಇರುವುದು ಒಳ್ಳೆಯದು, ಆದರೆ ಆ ಲೈಬ್ರರಿ ಪ್ರತಿ ಯಂತ್ರದಲ್ಲೂ ಇರಬೇಕು, ಆವೃತ್ತಿಯೂ ಸರ್ವರ್‌ಗೆ ಹೊಂದಬೇಕು.

ಇನ್ನು ಪೋಸ್ಟ್‌ಗ್ರೆಸ್. ಅದರ ಪ್ರೊಟೊಕಾಲ್‌ನ ಮೂರನೆಯ ಆವೃತ್ತಿ 2003ರಲ್ಲಿ 7.4ರೊಂದಿಗೆ ಬಂದದ್ದು, ಇವತ್ತಿಗೂ ಡ್ರೈವರ್‌ಗಳು ಅದನ್ನೇ ಮಾತಾಡುತ್ತವೆ. ಸಿ ಶಾರ್ಪ್‌ಗೆ ಎನ್‌ಪಿಜಿಎಸ್‌ಕ್ಯೂಎಲ್, ಪೈಥಾನ್‌ಗೆ ಸೈಕೊಪಿಜಿ, ಜಾವಾಕ್ಕೆ ಪಿಜಿ ಜೆಡಿಬಿಸಿ, ಪಿಎಚ್‌ಪಿಗೆ ಪಿಡಿಒ. ನಾಲ್ಕೂ ದಶಕಗಳಿಂದ ತಿಕ್ಕಿ ತಿಕ್ಕಿ ಹದವಾದವು. ಹೋಲಿಕೆಗೆ, ಕಸಾಂಡ್ರಾದ ಪಿಎಚ್‌ಪಿ ಡ್ರೈವರ್ ಬೆಳೆಯುವುದು ನಿಂತು ವರ್ಷಗಳಾದವು. ಡಿಸ್ಟ್ರಿಬ್ಯೂಟೆಡ್ ಡೇಟಾಬೇಸ್‌ಗಳ ಪೈಕಿ ಕಾಕ್ರೋಚ್‌ಡಿಬಿ ಈ ಪೋಸ್ಟ್‌ಗ್ರೆಸ್ ಪ್ರೊಟೊಕಾಲನ್ನು ತಾನೇ ಹೊಸದಾಗಿ ಬರೆದುಕೊಂಡಿದೆ, ಯುಗಬೈಟ್‌ಡಿಬಿ ಪೋಸ್ಟ್‌ಗ್ರೆಸ್‌ನ ಕ್ವೆರಿ ಪದರದ ಕೋಡನ್ನೇ ತಂದು ಕೂರಿಸಿಕೊಂಡಿದೆ. ಮೈಎಸ್‌ಕ್ಯೂಎಲ್ ಒಗ್ಗಿದವರಿಗೆ ಟೈಡಿಬಿ ಇದೆ, ಅದು ಮೈಎಸ್‌ಕ್ಯೂಎಲ್ ಪ್ರೊಟೊಕಾಲ್ ಮಾತಾಡುತ್ತದೆ.

ಪ್ರೊಟೊಕಾಲ್ ಒಂದೇ ಎಂದ ಮಾತ್ರಕ್ಕೆ ಡೇಟಾಬೇಸ್ ಒಂದೇ ಎಂದು ತಿಳಿಯಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ ಕ್ಲೈಂಟ್‌ಗಳಿಗೆ ಸುದ್ದಿ ತಲುಪಿಸುವ ಲಿಸನ್ ಮತ್ತು ನೋಟಿಫೈ ಕಾಕ್ರೋಚ್‌ಡಿಬಿಯಲ್ಲಿ ಇಲ್ಲ. ಅಲ್ಲಿ ಟ್ರಾನ್ಸಾಕ್ಷನ್‌ಗಳ (ಪೂರ್ತಿ ಆಗಬೇಕಾದ, ಇಲ್ಲವೇ ಆಗಲೇಬಾರದ ಕೆಲಸಗಳ ಕಟ್ಟು) ಡೀಫಾಲ್ಟ್ ಮಟ್ಟ ಸೀರಿಯಲೈಜಬಲ್, ಅಂದರೆ ಒಂದಾದ ಮೇಲೊಂದು ನಡೆದಂತೆಯೇ ಫಲ ಬರಬೇಕು. ಇಬ್ಬರು ಒಂದೇ ಖಾತೆಗೆ ಕೈಹಾಕಿದರೆ ಒಬ್ಬರಿಗೆ 40001 ಎಂಬ ದೋಷ ಸಂಖ್ಯೆ ಬರಬಹುದು. "ಇಡೀ ಟ್ರಾನ್ಸಾಕ್ಷನ್ ಮೊದಲಿಂದ ಮತ್ತೆ ಮಾಡು" ಎಂದು ಅದರ ಅರ್ಥ. ನಿಮ್ಮ ಹಳೆಯ ಪಿಎಚ್‌ಪಿ ಕೋಡ್ ಅದನ್ನು ಕೆಂಪಕ್ಷರದಲ್ಲಿ ಪರದೆಗೆ ಎಸೆದು ಕೈತೊಳೆದುಕೊಂಡರೆ ದಲಾಲಿ ಅಂಗಡಿಯ ಗುಮಾಸ್ತರು ಅದೇ ಎಂಟ್ರಿಯನ್ನು ಮತ್ತೆ ಹೊಡೆಯುತ್ತಾರೆ. ಮರುಯತ್ನದ ಲೂಪ್ ಒಂದನ್ನು ಡೇಟಾಬೇಸನ್ನು ನೇರವಾಗಿ ಮುಟ್ಟುವ ಪ್ರತಿ ಭಾಷೆಯಲ್ಲೂ ಬರೆಯಲೇಬೇಕು.

ಡ್ರೈವರ್‌ಗೆ ಕ್ಲಸ್ಟರಿನ, ಅಂದರೆ ಸರ್ವರ್‌ಗಳ ಗುಂಪಿನ, ನಕ್ಷೆ ಗೊತ್ತಿರಬೇಕೇ ಎಂಬ ಪ್ರಶ್ನೆಗೂ ಉತ್ತರ ಬೇಕು. ಕಸಾಂಡ್ರಾದ ಡ್ರೈವರ್‌ಗಳು ಪಾರ್ಟಿಷನ್ ಕೀಯನ್ನು (ಸಾಲು ಯಾವ ನೋಡ್‌ಗೆ ಹೋಗಬೇಕೆಂದು ನಿರ್ಧರಿಸುವ ಫೀಲ್ಡನ್ನು) ತಾವೇ ಹ್ಯಾಶ್ ಮಾಡಿ, ಅಂದರೆ ಒಂದು ಸಂಖ್ಯೆಗೆ ತಿರುಗಿಸಿ, ಆ ಸಾಲು ಯಾವ ನೋಡ್‌ನಲ್ಲಿದೆ ಎಂದು ಲೆಕ್ಕಹಾಕಿ ನೇರ ಅಲ್ಲಿಗೇ ಹೋಗುತ್ತವೆ. ನೂರು ನೋಡ್‌ಗಳಿದ್ದರೆ ಇದರಿಂದ ದೊಡ್ಡ ಉಳಿತಾಯ. ನಿಮ್ಮಲ್ಲಿರುವುದು ಮೂರು ನೋಡ್, ಪ್ರತಿಗಳೂ ಮೂರು. ಎಲ್ಲ ಡೇಟಾ ಎಲ್ಲ ಕಡೆಯೂ ಇರುತ್ತದೆ, ಹುಡುಕುವುದೇನು ಬಂತು? ಹಾಗಾಗಿ ಚತುರ ಡ್ರೈವರ್ ಎಂಬ ಜಾಹೀರಾತಿಗೆ ಮರುಳಾಗಬೇಡಿ. ನಿಮಗೆ ಬೇಕಿರುವುದು ಒಂದು ನೋಡ್ ಸತ್ತರೆ ಇನ್ನೊಂದಕ್ಕೆ ಹೋಗುವ ಬುದ್ಧಿ ಮಾತ್ರ. ಪೋಸ್ಟ್‌ಗ್ರೆಸ್‌ನ ಸಿ ಲೈಬ್ರರಿ 10ನೆಯ ಆವೃತ್ತಿಯಿಂದ ಒಂದೇ ಕನೆಕ್ಷನ್ ಸಾಲಿನಲ್ಲಿ ಹಲವು ಹೋಸ್ಟ್‌ಗಳನ್ನು ತೆಗೆದುಕೊಳ್ಳುತ್ತದೆ. ಜಾವಾ ಮತ್ತು ಸಿ ಶಾರ್ಪ್ ಡ್ರೈವರ್‌ಗಳಲ್ಲೂ ಇದು ಇದೆ. ಪಿಎಚ್‌ಪಿ ಪ್ರತಿ ವಿನಂತಿಗೂ ಹೊಸ ಕನೆಕ್ಷನ್ ತೆರೆಯುವುದರಿಂದ ಡೇಟಾಬೇಸಿನ ಮುಂದೆ ಪಿಜಿಬೌನ್ಸರ್ (ಕನೆಕ್ಷನ್‌ಗಳನ್ನು ಉಳಿಸಿಟ್ಟು ಹಂಚುವ ಪ್ರೋಗ್ರಾಂ) ಇಡಿ.

ಮೂರು ಪ್ರತಿಗಳಿದ್ದಾಗ ಪ್ರತಿ ಬರಹಕ್ಕೂ ಎರಡರ ಕೋರಂ, ಅಂದರೆ ಬಹುಮತದ ಒಪ್ಪಿಗೆ, ಬೇಕು. ಸಿಂಧನೂರಿನ ಲೈನ್ ಕಡಿದರೆ ಗಂಗಾವತಿ ಮತ್ತು ರಾಯಚೂರು ಸೇರಿ ಕೆಲಸ ಮುಂದುವರಿಸುತ್ತವೆ. ಸಿಂಧನೂರಿನ ಸರ್ವರ್ ಮಾತ್ರ ಕೋರಂ ಇಲ್ಲದೆ ಸುಮ್ಮನೆ ಕೂರುತ್ತದೆ, ಪಕ್ಕದಲ್ಲೇ ಇರುವ ಕಾಟಾಕ್ಕೂ ಉತ್ತರ ಕೊಡುವುದಿಲ್ಲ. "ನಮ್ಮ ಊರಲ್ಲೇ ಸರ್ವರ್ ಇದೆಯಲ್ಲ, ನೆಟ್ ಹೋದರೂ ನಡೆಯುತ್ತದೆ" ಎಂದು ಮಿಲ್ ಮಾಲೀಕರಿಗೆ ಮಾತು ಕೊಟ್ಟಿದ್ದರೆ ಇವತ್ತೇ ವಾಪಸ್ ತೆಗೆದುಕೊಳ್ಳಿ. ಸುಗ್ಗಿಯಲ್ಲಿ ಗೇಟಿನ ಹೊರಗೆ ಲಾರಿಗಳು ಸಾಲುಗಟ್ಟಿದ್ದಾಗ ಕಾಟಾ ನಿಲ್ಲುವಂತಿಲ್ಲ. ಅದಕ್ಕೇ ಕಾಟಾ ಪ್ರೋಗ್ರಾಂ ಮೊದಲು ತನ್ನದೇ ಪಿಸಿಯ ಎಸ್‌ಕ್ಯೂಲೈಟ್ ಫೈಲಿನಲ್ಲಿ ಚೀಟಿ ಬರೆದುಕೊಂಡು, ಮುದ್ರಿಸಿ ಕೊಟ್ಟು, ಲೈನ್ ಇದ್ದಾಗ ಸೇವೆಗೆ ಕಳಿಸಬೇಕು.

ಎಲ್ಲಕ್ಕಿಂತ ಹೆಚ್ಚು ಹೊತ್ತು ತಲೆ ಕೆಡಿಸಿಕೊಳ್ಳಬೇಕಾದದ್ದು ಇಲ್ಲಿದೆ. ಚೀಟಿ ಕಳಿಸಿದಿರಿ, ಗಡುವು ಮೀರಿತು, ಉತ್ತರ ಬರಲಿಲ್ಲ. ಬರಹ ಆಯಿತೋ ಇಲ್ಲವೋ? ಡಿಸ್ಟ್ರಿಬ್ಯೂಟೆಡ್ ವ್ಯವಸ್ಥೆಯಲ್ಲಿ ಟೈಮ್‌ಔಟ್ ಎಂದರೆ ಸೋಲು ಎಂದಲ್ಲ, "ಗೊತ್ತಿಲ್ಲ" ಎಂದು. ಕಾಕ್ರೋಚ್‌ಡಿಬಿ ಇದಕ್ಕೆ 40003 ಎಂಬ ಬೇರೆ ಸಂಖ್ಯೆಯನ್ನೇ ಇಟ್ಟಿದೆ. ಕಸಾಂಡ್ರಾದಲ್ಲೂ ರೈಟ್ ಟೈಮ್‌ಔಟ್ ಬಂದ ಮೇಲೆ ಆ ಸಾಲು ಬರೆದಾಗಿರಬಹುದು. ಮತ್ತೆ ಕಳಿಸಿದರೆ ಒಂದೇ ಲಾರಿಗೆ ಎರಡು ಚೀಟಿ, ರೈತರಿಗೆ ಎರಡು ಪಾವತಿ. ಕಳಿಸದೇ ಬಿಟ್ಟರೆ ಲಾರಿಯೇ ಲೆಕ್ಕಕ್ಕಿಲ್ಲ. ಯಾವ ಥ್ರಿಫ್ಟೂ ಯಾವ ಪ್ರೊಟೊಬಫ್ಪೂ ಇದನ್ನು ನಿಮಗಾಗಿ ಬಿಡಿಸಿಕೊಡುವುದಿಲ್ಲ. ದಾರಿ ಒಂದೇ: ಚೀಟಿಯ ಗುರುತಿನ ಸಂಖ್ಯೆ ಕಾಟಾದಲ್ಲೇ ಹುಟ್ಟಲಿ. ಚೀಟಿ ಮುದ್ರಿಸುವ ಕ್ಷಣದಲ್ಲೇ ಒಂದು ಯುಯುಐಡಿ (ಬೇರೆಲ್ಲೂ ಮರುಕಳಿಸದಂಥ ಗುರುತು) ಮಾಡಿ ಅದರ ಜೊತೆ ಬರೆದಿಡಿ, ಎಷ್ಟು ಸಲ ಕಳಿಸಿದರೂ ಅದೇ ಸಂಖ್ಯೆ ಹೋಗಲಿ. ಸೇವೆ ಅದನ್ನು ಪ್ರೈಮರಿ ಕೀ ಮಾಡಿಕೊಂಡು, ಈಗಾಗಲೇ ಇದ್ದರೆ ಸುಮ್ಮನಿರುವ ಇನ್ಸರ್ಟ್ ಬಳಸಲಿ. ಆಗ ಮರುಯತ್ನಕ್ಕೆ ಹೆದರಬೇಕಿಲ್ಲ. "ಬಾಕಿಗೆ ಇಷ್ಟು ಕೂಡಿಸು" ಎಂಬ ಜಾತಿಯ ಆದೇಶಗಳನ್ನು ಇಂಟರ್‌ಫೇಸಿನಲ್ಲಿ ಇಡಲೇಬೇಡಿ. "ಈ ಸಂಖ್ಯೆಯ ಚೀಟಿ ಇದು" ಎಂದು ಹೇಳುವ ಆದೇಶಗಳಷ್ಟೇ ಇರಲಿ, ಬಾಕಿಯನ್ನು ಚೀಟಿಗಳಿಂದ ಲೆಕ್ಕಹಾಕಿ.

ಈಗ ಜೆಸನ್ ಬೇಕೆಂದವರಿಗೆ ಎರಡು ಎಚ್ಚರಿಕೆ. ಮೊದಲನೆಯದು ಅಂಕಿಗಳದ್ದು. ನಿಮ್ಮಲ್ಲಿ ಐದನೆಯ ಭಾಷೆಯೊಂದಿದೆ, ನೀವು ಎಣಿಸಿಲ್ಲ: ವೆಬ್‌ಸೈಟಿನ ಪುಟದಲ್ಲಿ ಓಡುವ ಜಾವಾಸ್ಕ್ರಿಪ್ಟ್. ಅದರ ಸಾಮಾನ್ಯ ಸಂಖ್ಯೆಗಳು 9,00,71,99,25,47,40,992 ದಾಟಿದ ಮೇಲೆ ಪೂರ್ಣಾಂಕಗಳನ್ನು ತಪ್ಪಿಲ್ಲದೆ ಹಿಡಿಯಲಾರವು. ಆ ಸಂಖ್ಯೆಗೆ ಒಂದು ಕೂಡಿಸಿ ಜೆಸನ್‌ನಲ್ಲಿ ಕಳಿಸಿದರೆ ಪೈಥಾನ್ ಸರಿಯಾಗಿ ಓದುತ್ತದೆ, ಬ್ರೌಸರ್ ಒಂದು ಕಡಿಮೆ ಓದುತ್ತದೆ. ಕಾಕ್ರೋಚ್‌ಡಿಬಿ ತಾನಾಗಿ ಕೊಡುವ ಸೀರಿಯಲ್ ಸಂಖ್ಯೆಗಳು ಈ ಮಿತಿಗಿಂತ ದೊಡ್ಡವು. ಪ್ರೊಟೊಬಫ್‌ನ ಜೆಸನ್ ರೂಪ 64 ಬಿಟ್ ಸಂಖ್ಯೆಗಳನ್ನು ಸ್ಟ್ರಿಂಗ್ ಮಾಡಿಯೇ ಬರೆಯುವುದು ಇದೇ ಕಾರಣಕ್ಕೆ. ನೀವೂ ಹಾಗೇ ಮಾಡಿ. ತೂಕವನ್ನು ಕಿಲೋದಲ್ಲಿ, ಹಣವನ್ನು ಪೈಸೆಯಲ್ಲಿ, ಎರಡನ್ನೂ ಪೂರ್ಣಾಂಕವಾಗಿಯೇ ಕಳಿಸಿ. 18,430 ಕಿಲೋ ಭತ್ತವನ್ನು 75 ಕಿಲೋ ಚೀಲದ ಲೆಕ್ಕದಲ್ಲಿ 245.7333 ಎಂದು ಭಾಗಿಸಿ ಕಳಿಸಿದರೆ ಆ ಬಾಲವನ್ನು ಒಂದೊಂದು ಭಾಷೆ ಒಂದೊಂದು ಕಡೆ ಕತ್ತರಿಸುತ್ತದೆ. ಭಾಗಾಕಾರ ಒಂದೇ ಕಡೆ, ಸೇವೆಯಲ್ಲಿ, ನಡೆಯಲಿ. ಸಮಯವನ್ನು ಯುಟಿಸಿಯಲ್ಲಿ ಕಳಿಸಿ, ತೋರಿಸುವಾಗ ಐದೂವರೆ ಗಂಟೆ ಕೂಡಿಸಿಕೊಳ್ಳಿ.

ಎರಡನೆಯದು ನಮ್ಮ ಕನ್ನಡದ್ದು, ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸಿಗುವುದಿಲ್ಲ. "ಕೊಪ್ಪಳ" ಎಂಬುದನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಾಗಿ ಬರೆಯಬಹುದು. "ಕೊ"ದಲ್ಲಿರುವ ಒತ್ವವನ್ನು ಒಂದೇ ಸಂಕೇತವಾಗಿ ಇಡಬಹುದು, ಅಥವಾ ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳ ಜೋಡಿಯಾಗಿ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಯುಟಿಎಫ್-8ರಲ್ಲಿ ಮೊದಲನೆಯದು 18 ಬೈಟ್, ಎರಡನೆಯದು 21. ಡೇಟಾಬೇಸ್ ಹೋಲಿಸುವುದು ಬೈಟ್‌ಗಳನ್ನು, ಹಾಗಾಗಿ ಅದರ ಪಾಲಿಗೆ ಇವು ಎರಡು ಬೇರೆ ಊರುಗಳು. ಯುನೀಕ್ ಇಂಡೆಕ್ಸ್ ಇದನ್ನು ಹಿಡಿಯುವುದಿಲ್ಲ. ಕಸಾಂಡ್ರಾದಂಥ ಕಡೆ ಇದೇ ಪಾರ್ಟಿಷನ್ ಕೀ ಆಗಿದ್ದರೆ ಹ್ಯಾಶ್ ಬೇರೆಯಾಗಿ ಸಾಲು ಇನ್ನೊಂದು ನೋಡ್‌ಗೇ ಹೋಗಿ ಕೂರಬಹುದು. ಹಳೆಯ ಫಾಂಟ್ ಎನ್‌ಕೋಡಿಂಗ್‌ನಿಂದ ಯೂನಿಕೋಡ್‌ಗೆ ಪರಿವರ್ತಿಸಿದ ರೈತರ ಪಟ್ಟಿಗಳಿದ್ದರೆ ಇದನ್ನು ಮೊದಲು ತಪಾಸಣೆ ಮಾಡಿ. ಪರಿಹಾರ ಸುಲಭ: ಸೇವೆಯ ಬಾಗಿಲಲ್ಲೇ ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿಸುವ ರೂಪಕ್ಕೆ, ತನ್ನಿ. ನಾಲ್ಕೂ ಭಾಷೆಗಳಲ್ಲಿ ಅದಕ್ಕೆ ಫಂಕ್ಷನ್ ಇದೆ. ಪಿಎಚ್‌ಪಿಗೆ ಮಾತ್ರ ಇಂಟಲ್ ಎಕ್ಸ್‌ಟೆನ್ಷನ್ ಬೇಕು. ಆದರೂ "ರಾಜ್‌ಕುಮಾರ್" ಎಂದು ಬರೆಯುವಾಗ ಒತ್ತಕ್ಷರ ತಡೆಯಲು ಹಾಕುವ ಕಾಣದ ಸಂಕೇತವನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ಆದ್ದರಿಂದ ಹೆಸರನ್ನು ಎಂದೂ ಕೀ ಮಾಡಬೇಡಿ, ರೈತರಿಗೆ ಸಂಖ್ಯೆ ಕೊಡಿ. ಪೈಥಾನ್‌ನ ಜೆಸನ್ ಲೈಬ್ರರಿ ಡೀಫಾಲ್ಟ್ ಆಗಿ ಪ್ರತಿ ಕನ್ನಡ ಸಂಕೇತವನ್ನೂ ಆರು ಅಕ್ಷರಗಳ ಎಸ್ಕೇಪ್ ಮಾಡಿ ಬರೆಯುತ್ತದೆ, ಅಂದರೆ ಮೂರು ಬೈಟ್ ಇದ್ದದ್ದು ಆರಾಗುತ್ತದೆ. ತಪ್ಪೇನಲ್ಲ, ಆದರೆ ಲಾಗ್ ಓದುವವರ ಕಣ್ಣಿಗೆ ಶಿಕ್ಷೆ. ಅದನ್ನು ಆಫ್ ಮಾಡಿ.

ಕಾಟಾ ಪಿಸಿಗಳಲ್ಲಿ ಪ್ರೋಗ್ರಾಂ ವರ್ಷಗಟ್ಟಲೆ ಅಪ್‌ಡೇಟ್ ಆಗುವುದಿಲ್ಲ ಎಂದಿಟ್ಟುಕೊಂಡೇ ಸೇವೆ ಬರೆಯಿರಿ. ಹೊಸ ಫೀಲ್ಡ್ ಸೇರಿಸಬಹುದು, ಹಳೆಯದರ ಅರ್ಥ ಬದಲಿಸಬಾರದು, ಯಾವುದನ್ನೂ ತಡವಾಗಿ ಕಡ್ಡಾಯ ಮಾಡಬಾರದು. ಪ್ರೊಟೊಬಫ್ ಬಳಸುವ ಕಡೆ ಅಳಿಸಿದ ಫೀಲ್ಡಿನ ಸಂಖ್ಯೆಯನ್ನು ಮತ್ತೆ ಬಳಸದಂತೆ ಕಾದಿರಿಸಿಡಿ.

"ಪಿಎಚ್‌ಪಿಯನ್ನೂ ಸೇವೆಯ ಹಿಂದೆ ಇಟ್ಟರೆ ಕಸಾಂಡ್ರಾವನ್ನೇ ಹಾಕಬಹುದಲ್ಲ" ಎಂದು ಕೇಳಬಹುದು. ಡ್ರೈವರ್ ಮಟ್ಟಿಗೆ ಹೌದು. ಆದರೆ ದಲಾಲಿ ಲೆಕ್ಕದಲ್ಲಿ ರೈತರ ಖಾತೆ, ಮಿಲ್ಲಿನ ಖಾತೆ, ಹಮಾಲಿ, ಕಮಿಷನ್ ಎಲ್ಲ ಒಟ್ಟಿಗೆ ಏರಬೇಕು ಅಥವಾ ಯಾವುದೂ ಏರಬಾರದು. ಹಲವು ಸಾಲುಗಳ ಟ್ರಾನ್ಸಾಕ್ಷನ್ ಸಲೀಸಾಗಿ ಕೊಡುವ ಎಸ್‌ಕ್ಯೂಎಲ್ ಡೇಟಾಬೇಸ್ ಇಲ್ಲಿ ಹೊಂದುತ್ತದೆ. ಕಾಕ್ರೋಚ್ ಮತ್ತು ಯುಗಬೈಟ್ ನಡುವೆ ಆರಿಸುವ ಮೊದಲು ಲೈಸೆನ್ಸ್ ಓದಿ: ಯುಗಬೈಟ್‌ಡಿಬಿ ಅಪಾಚೆ 2.0 ಅಡಿಯಲ್ಲಿದೆ, ಕಾಕ್ರೋಚ್‌ಡಿಬಿ 2024ರ ನವೆಂಬರ್‌ನಿಂದ ತನ್ನ ಉಚಿತ ಕೋರ್ ಆವೃತ್ತಿಯನ್ನು ನಿಲ್ಲಿಸಿ, ಸಣ್ಣ ಸಂಸ್ಥೆಗಳಿಗೆ ಷರತ್ತಿನ ಮೇಲೆ ಉಚಿತ ಎಂಬ ಪದ್ಧತಿಗೆ ಹೋಗಿದೆ. ನಿಮ್ಮ ಜಾಗದಲ್ಲಿದ್ದರೆ ನಾನು ಯುಗಬೈಟ್‌ನಿಂದ ಶುರುಮಾಡುತ್ತೇನೆ.

ಒಪ್ಪುವ ಮುನ್ನ ಒಂದು ಪರೀಕ್ಷೆ ಮಾಡಿ. ಒಂದು ಟೇಬಲ್, ಅದರಲ್ಲಿ ಎರಡು ಬಗೆಯ "ಕೊಪ್ಪಳ", ಆ ದೊಡ್ಡ ಸಂಖ್ಯೆಗೆ ಒಂದು ಕೂಡಿಸಿದ್ದು, ಖಾಲಿ ಸ್ಟ್ರಿಂಗ್, ನಲ್, ಮಧ್ಯರಾತ್ರಿ ದಾಟಿದ ಸಮಯ. ನಾಲ್ಕೂ ಭಾಷೆಗಳಿಂದ ಬರೆದು, ನಾಲ್ಕೂ ಭಾಷೆಗಳಿಂದ ಓದಿ ಹೋಲಿಸಿ. ಆಮೇಲೆ ಲೋಡ್ ಓಡುತ್ತಿರುವಾಗ ಒಂದು ಸರ್ವರಿನ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ. ಪ್ರೋಸೆಸ್ ಕೊಂದು ನೋಡಿದರೆ ಸಾಲದು. ಕೊಂದಾಗ ಆಪರೇಟಿಂಗ್ ಸಿಸ್ಟಂ ಕನೆಕ್ಷನ್ ಮುಗಿಯಿತೆಂದು ತಕ್ಷಣ ಹೇಳುತ್ತದೆ, ಕೇಬಲ್ ಕಿತ್ತಾಗ ಏನೂ ಹೇಳುವುದಿಲ್ಲ. ಲಿನಕ್ಸ್ ತನ್ನ ಡೀಫಾಲ್ಟ್‌ನಲ್ಲಿ ಸುಮಾರು 15 ನಿಮಿಷ ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತದೆ, ನಿಮ್ಮ ಪ್ರೋಗ್ರಾಂ ಅಷ್ಟು ಹೊತ್ತೂ ನಿಂತಿರುತ್ತದೆ. ಕನೆಕ್ಟ್ ಟೈಮ್‌ಔಟ್, ಟಿಸಿಪಿ ಯೂಸರ್ ಟೈಮ್‌ಔಟ್ ಮತ್ತು ಕೀಪ್‌ಅಲೈವ್ ಮೂರನ್ನೂ ಕೆಲವು ಸೆಕೆಂಡುಗಳಿಗೆ ಇಳಿಸಿ ಮತ್ತೆ ಕಿತ್ತು ನೋಡಿ. ಇಷ್ಟಾದ ಮೇಲೂ ಪಿಎಚ್‌ಪಿ ಎಡವಿದರೆ ಅದನ್ನೂ ಕಾಟಾದ ಹಾಗೆ ಸೇವೆಯ ಹಿಂದೆ ತಳ್ಳಿ, ಡೇಟಾಬೇಸಿಗೆ ನೇರ ಸಂಪರ್ಕ ಜಾವಾ ಮತ್ತು ಪೈಥಾನ್‌ಗೆ ಮಾತ್ರ ಉಳಿಯಲಿ.